ಬರಹಗಾರರಿಗೆ ಸಲಹೆ: ಮಿರ್ಚಿ ಅಂಗಡಿಯ ಆ ಬೈಗುಳ

ಪ್ರಿಯ ಗೆಳೆಯರೇ,

ದಾವಣಗೆರೆಯಿಂದ ನೀವು ಕಳಿಸಿದ ‘ಮಂಡಕ್ಕಿ ಪೊಟ್ಟಣ’ ಕಥೆಯನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆವು, ಕೈಬಿಡುವುದಕ್ಕೂ ಮನಸ್ಸು ಬರುತ್ತಿಲ್ಲ. ಆರು ಜನ ಇಂಜಿನಿಯರಿಂಗ್ ಹುಡುಗರು, ವಿದ್ಯಾನಗರದಲ್ಲೊಂದು ಬಾಡಿಗೆ ರೂಮು, ಸಂಜೆಯಾದರೆ ಮಂಡಕ್ಕಿ-ಮಿರ್ಚಿ, ತಲೆ ಮೇಲೆ ಇಂಟರ್ನಲ್ಸ್. ಈ ಲೋಕ ನಿಮಗೆ ಅಂಗೈ ಗೆರೆಯಷ್ಟು ಪರಿಚಿತ. ಎಡವಿರುವುದು ಒಂದು ಕಡೆ. ಹನ್ನೊಂದು ಪುಟಗಳಲ್ಲಿ ‘ಗೇ’, ‘ಚಕ್ಕಾ’, ‘ಒಂಬತ್ತು’ ಎಂಬ ಮಾತುಗಳು 14 ಸಲ ಬೈಗುಳವಾಗಿ ಬಂದಿವೆ. ಜೊತೆಗಿಟ್ಟ ಪತ್ರದಲ್ಲಿ ನೀವೇ ಕೇಳಿದ್ದೀರಿ: “ನಮ್ಮ ಹುಡುಗರು ಮಾತಾಡೋದೇ ಹಿಂಗೆ. ಯಾರನ್ನೂ ಮನಸ್ಸಲ್ಲಿಟ್ಕೊಂಡು ಅಂದಿದ್ದಲ್ಲ. ಇದರಲ್ಲಿ ನೋಯೋಕೆ ಏನಿದೆ?”

ನೋಯುತ್ತದೆ. ಹೇಗೆ ಎನ್ನುವುದು ನಿಮ್ಮ ನಾಲ್ಕನೇ ಪುಟದಲ್ಲೇ ಇದೆ. ಖಾರ ತಾಳಲಾರದೆ ಪ್ರಕಾಶ ಅರ್ಧ ಕಚ್ಚಿದ ಮಿರ್ಚಿಯನ್ನು ಪೇಪರಿನ ಮೇಲೆ ಇಡುತ್ತಾನೆ. “ಏನ್ಲೇ, ಗೇ ತರ ಆಡ್ತೀಯ” ಅಂತ ಒಬ್ಬ ಅನ್ನುತ್ತಾನೆ, ಎಲ್ಲರೂ ನಗುತ್ತಾರೆ. ಖಾರಕ್ಕೂ ಗಂಡು ಗಂಡನ್ನು ಪ್ರೀತಿಸುವುದಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೂ ನಗು ಬಂತು. ಹಾಗಿರುವುದು ಕೀಳು ಎಂದು ಅಲ್ಲಿ ನಿಂತ ಅಷ್ಟೂ ಜನ ಮೊದಲೇ ಒಪ್ಪಿಕೊಂಡಿದ್ದರೆ ಮಾತ್ರ ಆ ಮಾತಿಗೆ ನಗು ಬರುತ್ತದೆ. ಪ್ರಕಾಶನಿಗೇನೂ ಆಗಲಿಲ್ಲ, ನೀರು ಕುಡಿದು ಸುಮ್ಮನಾದ. ಪಕ್ಕದಲ್ಲಿದ್ದ ವಿರೂಪಾಕ್ಷಿಯನ್ನು ನೋಡಿ. “ವಿರೂಪಾಕ್ಷಿ ಮೆಣಸಿನಕಾಯಿ ತೊಟ್ಟನ್ನು ಎಣ್ಣೆ ಹೀರಿದ ಪೇಪರಿನ ಅಂಚಿಗೆ ಸರಿಸಿ, ಎಲ್ಲರಿಗಿಂತ ತಡವಾಗಿ ನಕ್ಕ” ಎಂದು ಬರೆದಿದ್ದೀರಿ. ಇಡೀ ಕಥೆಯಲ್ಲಿ ಅತ್ಯಂತ ಒಳ್ಳೆಯ ವಾಕ್ಯ ಇದು. ಬರೆದವರು ನೀವೇ, ಅದರ ತೂಕ ನಿಮಗೇ ಗೊತ್ತಾಗಿಲ್ಲ ಅನ್ನಿಸುತ್ತದೆ. ಆ ಬೈಗುಳ ಯಾರ ಮೇಲೂ ಅಲ್ಲ ಎಂದಿರಲ್ಲ, ಅದು ಬಿದ್ದದ್ದು ಅವನ ಮೇಲೆ. ಈ ರೂಮಿನಲ್ಲಿ ತನ್ನ ಗುಟ್ಟು ಹೇಳಿಕೊಳ್ಳಬಾರದು ಎಂದು ಅವನಿಗೆ ಆ ಕ್ಷಣಕ್ಕೆ ಗೊತ್ತಾಯಿತು.

ಹಾಗಾದರೆ ಕಥೆಯಿಂದ ಆ ಪದಗಳನ್ನೆಲ್ಲ ಅಳಿಸಬೇಕೆ? ಬೇಡ. ಪಾತ್ರ ಕೆಟ್ಟ ಮಾತಾಡಬಹುದು. ಕೆಂಪು ಪೆನ್ನು ಹಿಡಿದು ಹದಿನಾಲ್ಕನ್ನೂ ಗುರುತು ಹಾಕಿ. ಮೂರು ಕಡೆ ಈ ಮಾತು ನಿರೂಪಕನ ಬಾಯಲ್ಲಿದೆ (“ಚಕ್ಕಾನ ಹಾಗೆ ನುಲಿಯುತ್ತಾ ಬಂದ” ಎನ್ನುವಲ್ಲಿ ಯಾರೂ ಮಾತಾಡುತ್ತಿಲ್ಲ, ನೀವೇ ಮಾತಾಡುತ್ತಿದ್ದೀರಿ). ಆ ಮೂರನ್ನೂ ತೆಗೆಯಿರಿ. ಉಳಿದ 11 ಸಂಭಾಷಣೆಯಲ್ಲಿವೆ. ಒಂದೊಂದರ ಪಕ್ಕದಲ್ಲೂ ಆಡಿದವನು ನಿಜಕ್ಕೂ ಏನು ಹೇಳಲು ಹೊರಟಿದ್ದ ಎಂದು ಬರೆದುಕೊಳ್ಳಿ. ಕತ್ತಲಲ್ಲಿ ಕುಂದವಾಡ ಕೆರೆ ಏರಿ ಮೇಲೆ ಬರಲು ಹೆದರಿದವನಿಗೆ ಬೇಕಾದ ಮಾತು ಅಂಜುಬುರುಕ ಅಥವಾ ಪುಕ್ಕಲ. ಫೋನಿನಲ್ಲಿ ಅವ್ವನ ದನಿ ಕೇಳಿ ಕಣ್ಣು ತುಂಬಿಕೊಂಡವನು ಅಳುಬುರುಕ. ಗುಲಾಬಿ ಅಂಗಿ ತೊಟ್ಟವನನ್ನು ಕಾಡಿಸಬೇಕೆಂದರೆ ಅಂಗಿಯ ಮೇಲೇ ಒಂದು ಮಾತು ಕಟ್ಟಿ. ನಮ್ಮ ಸೀಮೆಯ ಹುಡುಗರಿಗೆ ಅಂಥ ಮಾತಿಗೇನು ಬರವಿಲ್ಲ. ಹೀಗೆ ಒಂಬತ್ತು ಕಡೆ ಬದಲಾಯಿಸಿ, ಎರಡನ್ನು ಮಾತ್ರ ಉಳಿಸಿ: ಮಿರ್ಚಿ ಅಂಗಡಿಯದ್ದು, ಕೊನೆಯ ರಾತ್ರಿಯದ್ದು. ಹದಿನಾಲ್ಕು ಸಲ ಕೇಳಿದ ಓದುಗನ ಕಿವಿ ಜಡ್ಡುಗಟ್ಟುತ್ತದೆ, ಎರಡೇ ಸಲ ಕೇಳಿದವನಿಗೆ ಎರಡೂ ತಾಗುತ್ತವೆ.

ಬದಲಿ ಪದ ಹುಡುಕುವಾಗ ಹೊಸಬರು ಸಾಮಾನ್ಯವಾಗಿ ಬೀಳುವ ಹಳ್ಳ ಒಂದಿದೆ. ‘ಗೇ’ ತೆಗೆದು ‘ಬಳೆ ತೊಟ್ಕೋ’, ‘ಹೆಂಗಸರ ತರ’ ಎಂದು ಹಾಕುತ್ತಾರೆ, ಇಲ್ಲವೇ ಕುಂಟ, ಕುರುಡ ಎನ್ನುತ್ತಾರೆ, ಯಾವುದೋ ಜಾತಿಯ ಹೆಸರು ಹಿಡಿಯುತ್ತಾರೆ. ಏಟು ಒಬ್ಬರ ಬೆನ್ನಿನಿಂದ ಇನ್ನೊಬ್ಬರ ಬೆನ್ನಿಗೆ ಹೋಯಿತು, ಅಷ್ಟೇ. ಅಕ್ಷರದ ಬದಲು ಚುಕ್ಕಿ ಇಡುವುದೂ ಬೇಡ, ಓದುವವರು ಅದನ್ನು ಮನಸ್ಸಿನಲ್ಲೇ ತುಂಬಿಕೊಂಡು ಓದುತ್ತಾರೆ.

ಇನ್ನೊಂದು ತಪ್ಪು, ಇದು ತಿಳಿವಳಿಕೆಯದು. ಮೂರೂ ಪದಗಳನ್ನು ಒಂದೇ ಎಂಬಂತೆ ಬಳಸಿದ್ದೀರಿ. ಗೇ ಎನ್ನುವುದು ಬೈಗುಳವೇ ಅಲ್ಲ, ಗಂಡಸರನ್ನು ಪ್ರೀತಿಸುವ ಗಂಡಸರು ತಮ್ಮನ್ನು ತಾವೇ ಕರೆದುಕೊಳ್ಳುವ ಹೆಸರು. ನೀವು ಬಳಸಿದ ರೀತಿ ಅದನ್ನು ಬೈಗುಳ ಮಾಡಿದೆ. ಚಕ್ಕಾ, ಒಂಬತ್ತು ಹಾಗಲ್ಲ. ಈ ಅರ್ಥದಲ್ಲಿ ಅವು ಹೀನಾಯದ ಮಾತುಗಳೇ, ಹೆಚ್ಚಾಗಿ ಲಿಂಗತ್ವ ಅಲ್ಪಸಂಖ್ಯಾತರ ಮೇಲೆ, ಅದರಲ್ಲೂ ಹುಟ್ಟಿದಾಗ ಗಂಡು ಎನ್ನಿಸಿಕೊಂಡು ಹೆಣ್ಣಾಗಿ ಬದುಕುವವರ ಮೇಲೆ ಎಸೆಯುವಂಥವು. ಯಾರನ್ನು ಪ್ರೀತಿಸುತ್ತೇನೆ ಎನ್ನುವುದು ಬೇರೆ, ನಾನು ಗಂಡೋ ಹೆಣ್ಣೋ ಎನ್ನುವುದು ಬೇರೆ. ಆರನೇ ಪುಟದಲ್ಲಿ ದಾವಣಗೆರೆ ಬಸ್ ನಿಲ್ದಾಣದಲ್ಲಿ ಜೋಗತಿಯೊಬ್ಬರನ್ನು ‘ಒಂಬತ್ತು’ ಎಂದು ಕರೆದು ನಗಿಸಲು ನೋಡಿದ್ದೀರಿ. ಸ್ವತಃ ಲಿಂಗತ್ವ ಅಲ್ಪಸಂಖ್ಯಾತರಾದ ಕಲಾವಿದೆ ಮಂಜಮ್ಮ ಜೋಗತಿ ಅವರು ತಲೆ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯವನ್ನು ಕಂಡು ಕಲಿಯಲು ಹೊರಟದ್ದು ಇದೇ ಊರಿನ ಬಸ್ ನಿಲ್ದಾಣದಿಂದ. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ಜಾಗವನ್ನು ಬರೆಯುವ ನಿಮ್ಮ ಕೈಗೆ ಇದು ಗೊತ್ತಿರಬೇಕು. ಹುಡುಗ ಬೇಕಾದರೆ ಹಾಗನ್ನಲಿ. ನಿರೂಪಣೆ ಅವರನ್ನು ಜೋಗತಿ ಎಂದೇ ಕರೆಯಲಿ.

ಕಾಲದ ಲೆಕ್ಕವೂ ತಪ್ಪಿದೆ. ಕಥೆ ನಡೆಯುವುದು 2016ರಲ್ಲಿ, ಆದರೆ ಉಪನ್ಯಾಸಕರು “ಈಗ ಕಾನೂನೇ ಒಪ್ಪಿದೆ” ಎನ್ನುತ್ತಾರೆ. ಆಗ ಒಪ್ಪಿರಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟಿದ್ದ ಬಿಡುಗಡೆಯನ್ನು ಸುಪ್ರೀಂ ಕೋರ್ಟ್ 2013ರ ಡಿಸೆಂಬರ್ 11ರಂದು ರದ್ದು ಮಾಡಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಹಾಗೇ ಉಳಿಸಿತ್ತು. ಒಪ್ಪಿಗೆಯಿಂದ ಕೂಡುವ ವಯಸ್ಕರು ಅಪರಾಧಿಗಳಲ್ಲ ಎಂಬ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ನಿಮ್ಮ ಉಪನ್ಯಾಸಕರು 2014ರ ತೀರ್ಪನ್ನು ಇದರೊಂದಿಗೆ ಬೆರೆಸಿಕೊಂಡಂತಿದೆ. ಅದು ತೃತೀಯ ಲಿಂಗಿಗಳ ಗುರುತಿಗೆ ಸಂಬಂಧಿಸಿದ್ದು. ಈ ತಪ್ಪು ತಿದ್ದಿದರೆ ಕಥೆಗೇ ಲಾಭ: 2016ರ ವಿರೂಪಾಕ್ಷಿಗೆ ಗೆಳೆಯರ ನಗೆಯ ಜೊತೆ ಪೊಲೀಸರ ಭಯವೂ ಇದೆ. ಅವನು ಯಾಕೆ ತಿರುಗಿ ಮಾತಾಡಲಿಲ್ಲ ಎಂದು ನೀವು ಬೇರೆ ವಿವರಿಸಬೇಕಾಗಿಲ್ಲ.

ಉಪನ್ಯಾಸಕರ ಒಂದೂವರೆ ಪುಟದ ಬುದ್ಧಿಮಾತನ್ನು ಪೂರ್ತಿ ತೆಗೆಯಿರಿ. ಬೈದ ಹುಡುಗ ಕಣ್ಣೀರಿಟ್ಟು ಕ್ಷಮೆ ಕೇಳುವುದೂ ಬೇಡ. ವಿರೂಪಾಕ್ಷಿಯನ್ನು ಸಾಯಿಸಿ ಓದುಗರ ಕರುಣೆ ಗಿಟ್ಟಿಸುವ ಯೋಚನೆಯಂತೂ ಖಂಡಿತ ಬೇಡ. ಅವನು ಬದುಕಲಿ, ಪರೀಕ್ಷೆ ಬರೆಯಲಿ, ರೂಮು ಬದಲಾಯಿಸಲಿ.

ಮೊದಲು ಮಿರ್ಚಿ ಅಂಗಡಿಯ ದೃಶ್ಯವೊಂದನ್ನೇ ವಿರೂಪಾಕ್ಷಿ ನಿಂತ ಜಾಗದಿಂದ ಎರಡು ಪುಟದಲ್ಲಿ ಬರೆದು ಕಳಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

ಇಂತಿ,
ಸಂಪಾದಕರು