ಡ್ರೈಯರ್ ಫ್ಯೂಸ್ ‘ಡೈರೆಕ್ಟ್’ ಮಾಡಿಸಬಹುದೇ?

ಪ್ರಶ್ನೆ: ನಮ್ಮ ಮನೆಯ ಡ್ರೈಯರ್‌ನಲ್ಲಿ ಮುಂಚೆ ಒಂದೇ ಸುತ್ತಿಗೆ ಬಟ್ಟೆ ಗರಿಗರಿಯಾಗಿ ಒಣಗುತ್ತಿತ್ತು. ಕೆಲವು ತಿಂಗಳಿಂದ ಎರಡು ಸುತ್ತು ಬೇಕಾಗುತ್ತಿತ್ತು, ಹೋದ ವಾರ ಬಿಸಿಯಾಗುವುದೇ ನಿಂತಿತು. ಥರ್ಮಲ್ ಫ್ಯೂಸ್ ಹೋಗಿದೆ, ಡೈರೆಕ್ಟ್ ಮಾಡಿಕೊಡುತ್ತೇನೆ ಅನ್ನುತ್ತಾರೆ ರಿಪೇರಿಯವರು. ಫಿಲ್ಟರನ್ನು ನಾನು ಪ್ರತಿ ಸಲವೂ ಚೊಕ್ಕ ಮಾಡುತ್ತೇನೆ. ಮಾಡಿಸಬಹುದೇ?

ಉತ್ತರ: ಬೇಡ. ಒಳಗೆ ಮಿತಿಮೀರಿ ಕಾವೇರಿದಾಗ ತಾನು ಕಡಿದುಹೋಗಿ ಯಂತ್ರವನ್ನು ತಡೆಯುವುದೇ ಆ ಫ್ಯೂಸಿನ ಕೆಲಸ. ಅದನ್ನು ತಂತಿಯಿಂದ ಕೂಡಿಸಿಬಿಟ್ಟರೆ ಮುಂದಿನ ಸಲ ತಡೆಯಲು ಏನೂ ಇರುವುದಿಲ್ಲ. ಹೊಸ ಫ್ಯೂಸ್ ಹಾಕಿಸಿ. ಅಷ್ಟು ಕಾವು ಏಕೆ ಏರಿತೆಂದು ನೋಡದೆ ಹಾಕಿಸಿದರೆ ಅದೂ ಹೋಗುತ್ತದೆ.

ಸುಳಿವು ನಿಮ್ಮ ಪತ್ರದಲ್ಲೇ ಇದೆ: ಎರಡು ಸುತ್ತು. ಬಿಸಿಗಾಳಿ ಬಟ್ಟೆಯ ತೇವವನ್ನು ಹೊತ್ತು ಹೊರಗೆ ಹೋಗಬೇಕು. ದಾರಿ ಕಟ್ಟಿಕೊಂಡರೆ ತೇವವೂ ಒಳಗೇ, ಶಾಖವೂ ಒಳಗೇ. ಕಟ್ಟುವುದು ಬಟ್ಟೆಯಿಂದ ಉದುರುವ ನಾರು, ಅಂದರೆ ಲಿಂಟ್. ಕಿಡಿ ತಾಗಿದರೆ ಅದು ಅರಳೆಯಂತೆ ಹೊತ್ತಿಕೊಳ್ಳುತ್ತದೆ.

ಫಿಲ್ಟರ್ ಎಲ್ಲ ನಾರನ್ನೂ ಹಿಡಿಯುವುದಿಲ್ಲ, ತಪ್ಪಿಸಿಕೊಂಡದ್ದು ಹಿಂದಿನ ಕೊಳವೆಯಲ್ಲಿ ಕೂರುತ್ತದೆ. ಡ್ರೈಯರ್ ಓಡುವಾಗ ಮನೆಯ ಹೊರಗೆ ಹೋಗಿ ಗಾಳಿ ಬರುವ ಬಾಯಿಗೆ ಕೈ ಹಿಡಿಯಿರಿ. ಮುಚ್ಚಳ ಸರಿಯಾಗಿ ಏಳದಿದ್ದರೆ, ಗಾಳಿ ನಿಶ್ಶಕ್ತವಾಗಿದ್ದರೆ ಕೊಳವೆ ತುಂಬಿದೆ ಎಂದೇ ಲೆಕ್ಕ. ಪ್ಲಗ್ ಕಿತ್ತು, ಕೊಳವೆ ಬಿಚ್ಚಿ, ಉದ್ದನೆಯ ಬ್ರಷ್ ಆಡಿಸಿ ಉದ್ದಕ್ಕೂ ತೆಗೆಯಬೇಕು, ವರ್ಷಕ್ಕೊಮ್ಮೆಯಾದರೂ. ಗ್ಯಾಸ್ ಡ್ರೈಯರ್ ಆಗಿದ್ದರೆ ನೀವು ಎಳೆದಾಡಬೇಡಿ, ತಿಳಿದವರಿಗೇ ಬಿಡಿ. ಪ್ಲಾಸ್ಟಿಕ್ಕಿನದೋ ತೆಳು ಫಾಯಿಲಿನದೋ ಸುಕ್ಕುಸುಕ್ಕಾದ ಕೊಳವೆಯಿದ್ದರೆ ಇದೇ ನೆಪದಲ್ಲಿ ಬದಲಿಸಿ: ಆ ಸುಕ್ಕುಗಳೇ ನಾರಿಗೆ ಮನೆ. ಸಾಮಾನ್ಯವಾಗಿ ಬಳಸುವುದು 4 ಇಂಚಿನ, ಒಳಗೆ ನುಣುಪಾದ ಲೋಹದ ಕೊಳವೆ. ಜೋಡಣೆಗೆ ಸ್ಕ್ರೂ ಹೊಡೆಸಬೇಡಿ, ಮೊನೆಗೆ ನಾರು ಸಿಕ್ಕಿಕೊಳ್ಳುತ್ತದೆ. ಲೋಹದ ಟೇಪ್ ಸಾಕು. ಹಕ್ಕಿ ಬರುತ್ತದೆಂದು ಹೊರಬಾಯಿಗೆ ಜಾಲರಿ ಬಿಗಿಸುವವರಿದ್ದಾರೆ. ಹಕ್ಕಿಗಿಂತ ಮೊದಲು ನಾರು ಅದನ್ನು ಮುಚ್ಚುತ್ತದೆ.

ನಿಮ್ಮ ಫಿಲ್ಟರ್ ಕಣ್ಣಿಗೆ ಚೊಕ್ಕ ಕಂಡರೂ ಒಮ್ಮೆ ನೀರು ಸುರಿದು ನೋಡಿ. ನೀರು ಇಳಿಯದೆ ನಿಂತರೆ, ಬಟ್ಟೆ ಮೃದುವಾಗಲೆಂದು ಹಾಕುವ ಸಾಫ್ಟನರ್ ಹಾಳೆಯ ಜಿಡ್ಡು ಬಲೆಯ ಕಣ್ಣು ಮುಚ್ಚಿರಬಹುದು. ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ.

ಪ್ರಶ್ನೆ: ಎಣ್ಣೆ ಒರೆಸಿದ ಬಟ್ಟೆಯನ್ನು ಒಗೆದ ಮೇಲೆ ಡ್ರೈಯರ್‌ಗೆ ಹಾಕಬಹುದೇ?

ಉತ್ತರ: ಹಗ್ಗದ ಮೇಲೆ ಹರವಿ. ಒಗೆದರೂ ಎಣ್ಣೆ ಪೂರ್ತಿ ಹೋಗಿರುವುದಿಲ್ಲ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಕೂಡಿ ತಾನೇ ಬಿಸಿಯಾಗುತ್ತಾ ಹೋಗುತ್ತದೆ. ಡ್ರೈಯರ್‌ನಿಂದ ತೆಗೆದ ಬಿಸಿ ಬಟ್ಟೆಯನ್ನು ರಾಶಿ ಹಾಕಿದರಂತೂ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಯಂತ್ರ ನಿಂತು ಗಂಟೆಗಳಾದ ಮೇಲೂ ಬುಟ್ಟಿಯಲ್ಲಿ ಬೆಂಕಿ ಏಳಬಹುದು. ಉಳಿದ ಬಟ್ಟೆಗೂ ಕೊನೆಯ ತಣಿಯುವ ಸುತ್ತನ್ನು ಅರ್ಧಕ್ಕೆ ನಿಲ್ಲಿಸಬೇಡಿ.