ಶೆಡ್ಡಿನಲ್ಲಿ ವಿಮಾನ, ತಲೆಯ ಮೇಲೆ ಬಡ್ಡಿ

ಗದಗ ಜಿಲ್ಲೆಯ ಓದುಗರೊಬ್ಬರ ಪತ್ರ ಇದು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಏಳು ಪುಟದ ಪತ್ರವನ್ನು ಚಿಕ್ಕದು ಮಾಡಿ ಕೊಟ್ಟಿದ್ದೇನೆ.

‘ಸಾರ್, ನನ್ನದು ಸಣ್ಣ ಲೇತ್ ವರ್ಕ್‌ಶಾಪ್. ಐದು ವರ್ಷದಿಂದ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇನೆ. ಹಳೇ ಕಾರಿನ ಇಂಜಿನ್ ಹಾಕಿದ್ದೇನೆ. ಸಹಕಾರ ಸಂಘದಲ್ಲಿ 4 ಲಕ್ಷ ಸಾಲ. ಬಂಗಾರದ ಮೇಲೆ 2 ಲಕ್ಷ 60 ಸಾವಿರ. ಕೈಗಡ 2 ಲಕ್ಷ 80 ಸಾವಿರ, ಅದಕ್ಕೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಜಾಗ ಸಾಲದ್ದಕ್ಕೆ ಎರಡು ಸುಗ್ಗಿಯಿಂದ ರಾಶಿ ಯಂತ್ರದ ರಿಪೇರಿ ತಗೊಂಡಿಲ್ಲ. ಹೋದ ತಿಂಗಳು ಒಂದು ಕಚೇರಿಯಿಂದ ಕಾಗದ ಬಂತು. ಪರವಾನಗಿ ಇಲ್ಲ, ಬಿಚ್ಚಿ ಹಾಕಿ, ಇಲ್ಲವಾದರೆ ಕೇಸು ಅಂತ. ಮನೆಯವರು ಮಾತು ಬಿಟ್ಟಿದ್ದಾರೆ. ದೊಡ್ಡ ಮಗಳು ಮಾತ್ರ ಸಂಜೆ ಬಂದು ಎರಡನೇ ಸೀಟಿನಲ್ಲಿ ಕೂತು ಓದಿಕೊಳ್ಳುತ್ತಾಳೆ. ನಿಲ್ಲಿಸಲೋ, ಮುಂದುವರಿಸಲೋ? ನೇರವಾಗಿ ಹೇಳಿ.’

ಮೇಸ್ತ್ರಿಗಳೇ,

ನಿಮ್ಮ ಪತ್ರ ವರ್ಕ್‌ಶಾಪಿನ ಬಿಲ್ ಹಾಳೆಗಳ ಹಿಂಬದಿಯಲ್ಲಿದೆ. ಮೂರನೇ ಹಾಳೆಯ ಮೂಲೆಯಲ್ಲಿ ಗ್ರೀಸ್ ಮೆತ್ತಿದ ಹೆಬ್ಬೆರಳಿನ ಗುರುತು ಇದೆ. ಹಾಳೆ ತಿರುಗಿಸಿ ನೋಡಿದೆ. ಬಿಲ್ಲುಗಳೆಲ್ಲ ಖಾಲಿ. ಕೆಲಸವೇ ತಗೊಳ್ಳದಿದ್ದರೆ ಬಿಲ್ಲು ಯಾರಿಗೆ ಬರೆಯುವುದು, ಅಲ್ವಾ? ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಖಾಲಿ ಬಿಲ್ಲು. ಕಚೇರಿಯ ಕಾಗದ ಅಷ್ಟು ಹೆದರಿಸಲಿಲ್ಲ.

ನಿಮ್ಮ ಹಾಗೇ ವಿಮಾನ ಕಟ್ಟಿದ ಒಬ್ಬರ ಕಥೆಯಿಂದ ಶುರು ಮಾಡುತ್ತೇನೆ. ನಿಮಗೆ ಗೊತ್ತಿದ್ದರೂ ಗೊತ್ತಿರಬಹುದು. ಮುಂಬೈಯ ಅಮೋಲ್ ಯಾದವ್. ವೃತ್ತಿಯಲ್ಲಿ ಪೈಲಟ್. ಮನೆ ಕಾಂದಿವಲಿಯ ಚಾರ್ಕೋಪ್‌ನಲ್ಲಿ, ಲಿಫ್ಟ್ ಇಲ್ಲದ ಕಟ್ಟಡ. ಅದರ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಲು ಕೂತರು. ಅದಕ್ಕೆ ಮೊದಲು ಮಾಡಿದ ಎರಡು ಪ್ರಯತ್ನ ಕೈಕೊಟ್ಟಿದ್ದವು. ವೆಲ್ಡಿಂಗ್ ಮಷಿನ್ನಿನಿಂದ ಹಿಡಿದು ಇಂಜಿನ್‌ವರೆಗೆ ಎಲ್ಲವನ್ನೂ ಆ ಇಕ್ಕಟ್ಟು ಮೆಟ್ಟಿಲಲ್ಲೇ ಹೊತ್ತು ಮೇಲೆ ತಂದರು. ಲೇತ್ ಮಷಿನ್ ಎಷ್ಟು ಭಾರ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕೂಡುಕುಟುಂಬ. ಮನೆ ಮಂದಿ ಕೂಡಿಟ್ಟ ದುಡ್ಡೂ ಅದಕ್ಕೇ ಹೋಯಿತು. 2016ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನ ನಡೆದಾಗ ಕ್ರೇನ್ ತರಿಸಿ ವಿಮಾನವನ್ನು ತಾರಸಿಯಿಂದ ಕೆಳಗಿಳಿಸಿದರು. ಸಾವಿರಾರು ಜನ ನೋಡಿದರು. ಪೇಪರಿನವರು ಬಂದರು, ಟೀವಿಯವರು ಬಂದರು.

ವಿಮಾನ ಮಾತ್ರ ಹಾರಲಿಲ್ಲ. ನೋಂದಣಿಯೇ ಆಗಿರಲಿಲ್ಲ ನೋಡಿ. ಅವರು ಅರ್ಜಿ ಹಾಕಿದ್ದು 2011ರಲ್ಲಿ. ನಡುವೆ ನಿಯಮ ಬದಲಾಯಿತು, ಆಕ್ಷೇಪ ಬಂತು, ಫೈಲು ಮೇಜಿಂದ ಮೇಜಿಗೆ ತಿರುಗಿತು. ಮುಖ್ಯಮಂತ್ರಿಯೇ ಅವರ ಪರ ನಿಂತ ಮೇಲೆ, 2017ರ ನವೆಂಬರ್‌ನಲ್ಲಿ ನೋಂದಣಿ ಸಿಕ್ಕಿತು. ‘ವಿಟಿ-ಎನ್‌ಎಂಡಿ’ ಎಂಬ ನಂಬರು. ಎನ್‌ಎಂ ಎಂದರೆ ಪ್ರಧಾನಿ ನರೇಂದ್ರ ಮೋದಿ, ಡಿ ಎಂದರೆ ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್. ಸಹಾಯಕ್ಕೆ ಬಂದವರ ಹೆಸರನ್ನೇ ಬಾಲಕ್ಕೆ ಕಟ್ಟಿಕೊಂಡರು! ಮರುವರ್ಷ ಮಹಾರಾಷ್ಟ್ರ ಸರ್ಕಾರ 35,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿಯನ್ನೂ ಹಾಕಿತು. ಅಷ್ಟಾದರೂ ಹಾರುವ ಪರವಾನಗಿ ಕೈಗೆ ಬಂದದ್ದು 2019ರ ಅಕ್ಟೋಬರ್‌ನಲ್ಲಿ. ಧುಳೆಯಲ್ಲಿ ಪರೀಕ್ಷಾ ಹಾರಾಟ ಆದದ್ದು 2020ರಲ್ಲಿ.

ಇದನ್ನು ಓದಿದವರೆಲ್ಲ ‘ಛಲ ಅಂದ್ರೆ ಇದು’ ಅನ್ನುತ್ತಾರೆ. ಛಲ ಹೌದು. ನಾನು ನೋಡುವುದು ಇನ್ನೊಂದನ್ನು. ಅರ್ಜಿಯಿಂದ ಪರವಾನಗಿವರೆಗೆ ಎಂಟು ವರ್ಷ. ಮುಖ್ಯಮಂತ್ರಿ, ಪ್ರಧಾನಿ ಬೆನ್ನಿಗಿದ್ದೂ ಇಷ್ಟು. ಆ ಮನುಷ್ಯನಿಗೆ ಪೈಲಟ್ ಕೆಲಸ ಇತ್ತು. ಹಗಲು ಬೇರೆಯವರ ವಿಮಾನ ಹಾರಿಸಿ ಬಂದ ಸಂಬಳ ಇತ್ತು. ಹಾಗಾಗಿ ಕಾಯಲು ಆಯಿತು.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ಕೈಗಡ 2,80,000. ನೂರಕ್ಕೆ ಮೂರು ಎಂದರೆ ತಿಂಗಳಿಗೆ 8,400. ವರ್ಷಕ್ಕೆ 1,00,800. ನಿಮ್ಮ ಫೈಲು ಕೂಡ ಎಂಟು ವರ್ಷ ತಗೊಂಡಿತು ಅನ್ನಿ. ಬಡ್ಡಿಯೇ 8 ಲಕ್ಷ ದಾಟಿತು, ಅಸಲು ಹಾಗೇ ಕೂತಿದೆ. ಸಂಘದ ಸಾಲ, ಬಂಗಾರದ ಸಾಲ ಇದರಲ್ಲಿ ಸೇರಿಸಿಯೇ ಇಲ್ಲ. ಕಚೇರಿಯವರು ನಿಧಾನ ಮಾಡಲಿ, ಬೇಡ ಅನ್ನಲಿ, ಅದರಿಂದ ವಿಮಾನ ಕರಗಿ ಹೋಗುವುದಿಲ್ಲ. ಬಡ್ಡಿ ಹಾಗಲ್ಲ. ಅದು ರಾತ್ರಿಯೂ ಕೆಲಸ ಮಾಡುತ್ತದೆ, ಭಾನುವಾರವೂ ಮಾಡುತ್ತದೆ. ನೀವು ಇಡೀ ಪತ್ರದಲ್ಲಿ ಕಚೇರಿಯನ್ನು ಬೈದಿದ್ದೀರಿ. ಕೈಗಡ ಕೊಟ್ಟವರನ್ನು ಒಂದು ಕಡೆ ‘ಪುಣ್ಯಾತ್ಮರು’ ಎಂದಿದ್ದೀರಿ. ಅದು ತಿರುಗುಮುರುಗು ಆಗಿದೆ. ಅಷ್ಟು ಬಡ್ಡಿಯನ್ನು ಕಾನೂನೂ ಒಪ್ಪುವುದಿಲ್ಲ.

ಇದನ್ನು ದೂರ ಕೂತು ಹೇಳುತ್ತಿಲ್ಲ. ಈ ಪತ್ರಿಕೆ ಶುರು ಮಾಡುವಾಗ ನಾನೂ ಇದೇ ಹಳ್ಳಕ್ಕೆ ಬಿದ್ದವನು. ಮುದ್ರಣದ ಕಾಗದವನ್ನು ಸಾಲ ಮಾಡಿ ಮೊದಲೇ ತರಿಸಿಬಿಟ್ಟೆ. ಪತ್ರಿಕೆಯ ಹೆಸರಿಗೆ ಒಪ್ಪಿಗೆ ಕೊಡಬೇಕಿದ್ದ ಕಚೇರಿ ಎರಡು ಸಲ ಆಗದು ಎಂದಿತು. ಕಾಗದದ ರೀಮುಗಳು ನಮ್ಮ ನಡುಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಕೂತವು. ಗೆದ್ದಲು ಹಿಡಿಯಿತು. ನಮ್ಮ ಮನೆಯವರು ಆ ರೀಮುಗಳ ಮೇಲೆ ಚಾಪೆ ಹಾಸಿ ಬಂದ ನೆಂಟರನ್ನು ಕೂರಿಸುತ್ತಿದ್ದರು. ಹೆಸರು ಮೂರನೇ ಸಲಕ್ಕೆ ಸಿಕ್ಕಿತು. ಸಾಲ ತೀರಲು ಮಾತ್ರ ಆರು ವರ್ಷ ಬೇಕಾಯಿತು.

ಹಾಗಾದರೆ ಸಾಲವೇ ಮಾಡಬಾರದಾ? ಹಾಗೂ ಅನ್ನಲಾರೆ. ದಾದಾಸಾಹೇಬ್ ಫಾಲ್ಕೆ ಸಾಲ ಮಾಡದಿದ್ದರೆ ‘ರಾಜಾ ಹರಿಶ್ಚಂದ್ರ’ ಬರುತ್ತಲೇ ಇರಲಿಲ್ಲ. ಫಾಲ್ಕೆ ಸಿನಿಮಾ ಹುಚ್ಚು ಹಿಡಿಸಿಕೊಂಡಾಗ ನಲವತ್ತರ ಆಸುಪಾಸಿನ ವಯಸ್ಸು, ಕೆಲಸ ಇಲ್ಲ, ಕಣ್ಣು ಬೇರೆ ಕೆಟ್ಟಿತ್ತು. ಜೀವವಿಮೆ ಪಾಲಿಸಿ ಅಡ ಇಟ್ಟು 1912ರಲ್ಲಿ ಲಂಡನ್ನಿಗೆ ಹಡಗು ಹತ್ತಿದರು, ಕ್ಯಾಮೆರಾ ಖರೀದಿ ಮಾಡಿಕೊಂಡು ಬಂದರು. ವಾಪಸ್ ಬಂದ ಮೇಲೆ ಏನು ಮಾಡಿದರು ನೋಡಿ. ಅದು ನಿಮಗೆ ಉಪಯೋಗಕ್ಕೆ ಬರುವ ವಿಷಯ. ನೇರವಾಗಿ ದೊಡ್ಡ ಸಿನಿಮಾಕ್ಕೆ ಕೈಹಾಕಲಿಲ್ಲ. ಒಂದು ಕುಂಡದಲ್ಲಿ ಬಟಾಣಿ ಕಾಳು ಹಾಕಿದರು. ಎದುರಿಗೆ ಕ್ಯಾಮೆರಾ ನಿಲ್ಲಿಸಿದರು. ಕಾಳು ಮೊಳೆತು, ಎಲೆ ಬಿಟ್ಟು, ಬಳ್ಳಿ ಆಗುವವರೆಗೆ ದಿನಾ ಸ್ವಲ್ಪ ಸ್ವಲ್ಪ ಫಿಲ್ಮು ತೆಗೆದರು. ಪರದೆ ಮೇಲೆ ಬಿಟ್ಟಾಗ ವಾರಗಟ್ಟಲೆ ಬೆಳೆದ ಗಿಡ ಕಣ್ಣೆದುರೇ ಸರಸರ ಮೇಲೆದ್ದಿತು. ಅದನ್ನು ತೋರಿಸಿ ದುಡ್ಡು ಕೇಳಿದರು. ದುಡ್ಡು ಹುಟ್ಟಿತು. ಹೆಂಡತಿ ಸರಸ್ವತಿಬಾಯಿ ಒಡವೆ ಕೊಟ್ಟರು, ಫಿಲ್ಮಿಗೆ ತೂತು ಹಾಕುವ ಕೆಲಸ ಕಲಿತರು, ಇಡೀ ತಂಡಕ್ಕೆ ಅಡಿಗೆ ಮಾಡಿ ಹಾಕಿದರು. ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪದೆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. 1913ರ ಮೇ 3ಕ್ಕೆ ಸಿನಿಮಾ ಜನರ ಮುಂದೆ ಬಂತು. ಲಂಡನ್ನಿನಿಂದ ಬಂದು ಒಂದು ವರ್ಷ, ಒಂದು ತಿಂಗಳು ಅಷ್ಟೇ. ಸಾಲ ಬೆಳೆಯುವ ಮೊದಲೇ ಸಿನಿಮಾ ಓಡಿತು.

ಅದೇ ಫಾಲ್ಕೆಯವರಿಗೆ ಮುದಿವಯಸ್ಸಿನಲ್ಲಿ ಇನ್ನೊಂದು ಸಿನಿಮಾ ಮಾಡುವ ಆಸೆ. ಯುದ್ಧದ ಕಾಲ. ಸಿನಿಮಾ ತೆಗೆಯಲು ಬ್ರಿಟಿಷ್ ಸರ್ಕಾರದ ಲೈಸೆನ್ಸು ಬೇಕಿತ್ತು. ಅರ್ಜಿ ಹಾಕಿದರು. ಆಗದು ಎಂದು ಉತ್ತರ ಬಂತು. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ತೀರಿಕೊಂಡರು. ಈ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ನಿಮ್ಮನ್ನು ಹುರಿದುಂಬಿಸಬಹುದಿತ್ತು. ಆದರೆ ನೇರವಾಗಿ ಹೇಳಿ ಎಂದು ಕೇಳಿದ್ದೀರಲ್ಲ.

ನಿಮ್ಮ ಬಟಾಣಿ ಗಿಡ ಯಾವುದು? ನನಗೆ ಅನಿಸುವುದು, ರೆಕ್ಕೆ. ನೀವು ಕಳಿಸಿದ ಎರಡನೇ ಫೋಟೊದಲ್ಲಿ ಎಡಗಡೆ ರೆಕ್ಕೆ ಇನ್ನೂ ಅರ್ಧ ಮುಚ್ಚಿಲ್ಲ, ಒಳಗಿನ ಅಲ್ಯುಮಿನಿಯಂ ಪಟ್ಟಿಗಳು ಕಾಣುತ್ತವೆ. ನನಗೆ ವಿಮಾನ ಗೊತ್ತಿಲ್ಲ, ಆದರೆ ರಿವೆಟ್ಟು ನೇರ ಸಾಲಿನಲ್ಲಿ ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಒಂದೂ ಆಚೀಚೆ ಆಗಿಲ್ಲ. ಆ ರೆಕ್ಕೆಯನ್ನು ವಿಮಾನ ವಿಷಯ ಕಲಿಸುವ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿಗೆ ಒಯ್ಯಿರಿ. ಭಾರ ಹೇರಿ ಪರೀಕ್ಷೆ ಮಾಡಿಸಿ. ಪಾಸಾದರೆ ಬರವಣಿಗೆಯಲ್ಲಿ ತಗೊಳ್ಳಿ. ಫೇಲಾದರೂ ತಗೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ಆ ಎರಡನೇ ಸೀಟು. ಬೆಂಗಳೂರಿನ ಎನ್‌ಎಎಲ್ ಗೊತ್ತಲ್ಲ, ಸರ್ಕಾರದ್ದೇ ವಿಮಾನ ಸಂಶೋಧನಾ ಸಂಸ್ಥೆ. ಅಲ್ಲಿ ವಿಜ್ಞಾನಿಗಳಿದ್ದಾರೆ, ಪ್ರಯೋಗಶಾಲೆ ಇದೆ. ಅವರು ಕಟ್ಟಿದ ‘ಸರಸ್’ ವಿಮಾನದ ಎರಡನೇ ಮಾದರಿ 2009ರ ಮಾರ್ಚ್ 6ರಂದು ಪರೀಕ್ಷಾ ಹಾರಾಟದಲ್ಲಿ ಬಿಡದಿ ಹತ್ತಿರ ಬಿತ್ತು. ಒಳಗಿದ್ದ ವಾಯುಪಡೆಯ ಮೂವರೂ ಉಳಿಯಲಿಲ್ಲ. ಇಬ್ಬರು ಪಳಗಿದ ಪೈಲಟ್‌ಗಳು, ಒಬ್ಬರು ಪರೀಕ್ಷಾ ಹಾರಾಟದ ಇಂಜಿನಿಯರ್. ಹಾಗಾಗಿ ವಿಮಾನದ ವಿಷಯದಲ್ಲಿ ಅಧಿಕಾರಿ ‘ತಡೀರಿ’ ಎಂದರೆ ನಾನು ತಕ್ಷಣ ಅವರನ್ನು ಖಳನಾಯಕ ಮಾಡುವುದಿಲ್ಲ. ಲಂಚಕ್ಕಾಗಿ ತಡೆಯುವವರು ಇದ್ದಾರೆ, ಸುಮ್ನೆ ತಲೆನೋವು ಯಾಕೆ ಎಂದು ತಡೆಯುವವರು ಅವರಿಗಿಂತ ಜಾಸ್ತಿ ಇದ್ದಾರೆ. ಆದರೆ ಹೆದರಿ ತಡೆಯುವವರ ಹೆದರಿಕೆ ಕೆಲವು ಸಲ ಸರಿ ಇರುತ್ತದೆ. ನಿಮ್ಮ ಮನೆಯವರು ಮಾತು ಬಿಟ್ಟದ್ದು ಸಾಲಕ್ಕೆ ಅಂತ ನೀವು ತಿಳಿದಿದ್ದೀರಿ. ಮಗಳು ಆ ಸೀಟಿನಲ್ಲಿ ಕೂರುವುದನ್ನು ಅವರೂ ದಿನಾ ನೋಡುತ್ತಾರಲ್ಲವೇ? ಒಮ್ಮೆ ಕೇಳಿ ನೋಡಿ.

ಇನ್ನು ಆ ಕಾಗದ. ಬಿಚ್ಚಬೇಡಿ. ಬೈಯಲೂ ಬೇಡಿ. ಉತ್ತರ ಬರೆಯಿರಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ವಿಮಾನ ಶೆಡ್ಡಿನಲ್ಲಿದೆ, ಹಾರಿಸಿಲ್ಲ, ಪರವಾನಗಿ ಇಲ್ಲದೆ ಹಾರಿಸುವುದಿಲ್ಲ ಎಂದು ಬರೆಯಿರಿ. ಯಾವ ಕಾನೂನಿನ ಯಾವ ಕಲಮಿನಲ್ಲಿ ಬಿಚ್ಚಲು ಹೇಳಿದ್ದೀರಿ ಎಂದು ಮರ್ಯಾದೆಯಿಂದಲೇ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ಒಂದು ನೆನಪಿರಲಿ. ವಿಮಾನ ಹಾರಿಸುವುದಕ್ಕಷ್ಟೇ ಅಲ್ಲ, ಕಟ್ಟುವುದಕ್ಕೂ ಕಾನೂನಿದೆ. ಹಳೆಯದು 1934ರದ್ದು. 2025ರ ಜನವರಿ 1ರಿಂದ ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ನಿಮಗೆ ಒಪ್ಪಿಗೆ ಬೇಕಾದದ್ದು ಡಿಜಿಸಿಎಯಿಂದ, ಅಂದರೆ ಕೇಂದ್ರ ಸರ್ಕಾರದ ವಿಮಾನಯಾನ ನಿರ್ದೇಶನಾಲಯದಿಂದ. ನಿಮ್ಮ ತಾಲೂಕಿನ ಕಚೇರಿ ಹೂಂ ಅಂದರೂ ವಿಮಾನ ಹಾರುವ ಹಾಗಿಲ್ಲ. ಹಾಗಾಗಿ ಅಲ್ಲಿ ಜಗಳ ಆಡಿ ಗೆದ್ದರೂ ಏನೂ ಸಿಗದು. ಉತ್ತರ ಕಳಿಸುವ ಮೊದಲು ಒಬ್ಬ ವಕೀಲರಿಗೆ ತೋರಿಸಿ.

ನಿಲ್ಲಿಸಲೋ, ಮುಂದುವರಿಸಲೋ ಎಂದು ಕೇಳಿದಿರಿ. ಮೊದಲು ಶೆಡ್ಡು ಖಾಲಿ ಮಾಡಿ ಅನ್ನುತ್ತೇನೆ. ವಿಮಾನ ಒಡೆಯುವುದು ಬೇಡ, ರೆಕ್ಕೆ ಕಳಚಿ ಗೋಡೆಗೆ ನಿಲ್ಲಿಸಿ. ಇಂಜಿನ್ ಮಾರಿ. ನೋವಾಗುತ್ತದೆ, ಗೊತ್ತು. ಆದರೆ ಹಳೇ ಕಾರಿನ ಇಂಜಿನ್ ನಾಳೆ ಇನ್ನೊಂದು ಸಿಗುತ್ತದೆ. ಬಂದ ದುಡ್ಡು ಕೈಗಡಕ್ಕೆ. ಸಂಘದ ಸಾಲ, ಬಂಗಾರದ ಸಾಲ ಆಮೇಲೆ. ಈ ಸುಗ್ಗಿಗೆ ರಾಶಿ ಯಂತ್ರ ರಿಪೇರಿಗೆ ಬಂದವರನ್ನು ವಾಪಸ್ ಕಳಿಸಬೇಡಿ.

ಅಮೆರಿಕದ ರೈಟ್ ಸೋದರರದ್ದೂ ನಿಮ್ಮಂಥ ಅಂಗಡಿಯೇ. ಸೈಕಲ್ ರಿಪೇರಿ ಮಾಡುತ್ತಿದ್ದರು, ಸೈಕಲ್ ಕಟ್ಟಿ ಮಾರುತ್ತಿದ್ದರು. ಅದೇ ಕಾಲದಲ್ಲಿ ಲ್ಯಾಂಗ್ಲಿ ಎಂಬ ದೊಡ್ಡ ವಿಜ್ಞಾನಿಗೆ ಅಲ್ಲಿಯ ಯುದ್ಧ ಇಲಾಖೆ 50,000 ಡಾಲರ್ ಕೊಟ್ಟಿತ್ತು. ಅವರ ಯಂತ್ರ 1903ರ ಡಿಸೆಂಬರ್ 8ರಂದು ನದಿಗೆ ಬಿತ್ತು. ಒಂಬತ್ತು ದಿನದ ಮೇಲೆ ರೈಟ್ ಸೋದರರು ಹಾರಿದರು. ಅವರಿಗೆ ತಗುಲಿದ ಒಟ್ಟು ಖರ್ಚು ಸಾವಿರ ಡಾಲರ್‌ಗೂ ಕಡಿಮೆ, ಎಲ್ಲ ಸೈಕಲ್ ಅಂಗಡಿಯ ಲಾಭ. 1905ರಲ್ಲಿ ಅವರು ಸರ್ಕಾರಕ್ಕೆ ವಿಮಾನ ಕೊಡುತ್ತೇವೆ ಎಂದು ಬರೆದರೆ ಇಲಾಖೆ ಆಸಕ್ತಿಯನ್ನೇ ತೋರಿಸಲಿಲ್ಲ. ಅಷ್ಟೊತ್ತಿಗೆ ಅವರು ಅರ್ಧ ಗಂಟೆಗೂ ಜಾಸ್ತಿ ಹೊತ್ತು ಗಾಳಿಯಲ್ಲಿದ್ದು ಇಳಿದಾಗಿತ್ತು! ಅವರೂ ಕಾದರು. ಸಾಲ ಕೊಟ್ಟವರು ಬಾಗಿಲಿಗೆ ಬರುವ ಚಿಂತೆ ಇರಲಿಲ್ಲ.

ಮುಂದಿನ ಸಂಚಿಕೆಗಳಲ್ಲಿ ನಿಮ್ಮ ವಿಮಾನದ ಬಗ್ಗೆ ಲೇಖನ ಹಾಕಿ, ಜನ ಸಹಾಯ ಮಾಡಿಯಾರು ಎಂದೂ ಬರೆದಿದ್ದೀರಿ. ಈಗ ಬೇಡ. ಲೇಖನ ಬಂದರೆ ಇನ್ನಷ್ಟು ಜನ ನೋಡಲು ಬರುತ್ತಾರೆ, ಹಾರಿಸಿ ತೋರಿಸಿ ಎನ್ನುತ್ತಾರೆ, ಮರ್ಯಾದೆಗೆ ಅಂಜಿ ನೀವು ಒಂದು ದಿನ ಹಾರಿಸಿಬಿಡುತ್ತೀರಿ. ರೆಕ್ಕೆಯ ಪರೀಕ್ಷೆ ಮುಗಿಯಲಿ, ಆಗ ನಾನೇ ಕ್ಯಾಮೆರಾ ಹಿಡಿದು ಬಸ್ಸು ಹತ್ತಿ ಬರುತ್ತೇನೆ.

ಫೋಟೊ ವಾಪಸ್ ಕೇಳಿದ್ದಿರಿ. ಪ್ರತಿ ಮಾಡಿಸಿಕೊಂಡು ನಿನ್ನೆಯೇ ಅಂಚೆಗೆ ಹಾಕಿದೆ. ವಿಮಾನದ ಬಾಲಕ್ಕೂ ಶೆಡ್ಡಿನ ಕಂಬಕ್ಕೂ ಹಗ್ಗ ಕಟ್ಟಿ ಯಾರೋ ಶಾಲೆಯ ಯೂನಿಫಾರ್ಮ್ ಒಣಹಾಕಿದ್ದಾರೆ, ಅದನ್ನು ನೀವು ಗಮನಿಸಿರಲಿಕ್ಕಿಲ್ಲ. ನಮ್ಮ ಮನೆಯವರು ಫೋಟೊ ನೋಡಿ ಮೊದಲು ಕಂಡದ್ದೇ ಅದು. ‘ಬಟ್ಟೆ ಒಣಹಾಕೋಕಾದ್ರೂ ಆಯ್ತಲ್ಲ’ ಎಂದು ನಕ್ಕರು. ಆಮೇಲೆ ರೀಮುಗಳ ಮೇಲೆ ಹಾಸುತ್ತಿದ್ದ ಆ ಚಾಪೆ ಈಗ ಎಲ್ಲಿದೆ ಎಂದು ಹುಡುಕಿದರು, ಸಿಗಲಿಲ್ಲ.

ಕೈಗಡ ಪೂರ್ತಿ ತೀರಿದ ದಿನ ಒಂದು ಕಾರ್ಡು ಬರೆಯಿರಿ.

– ಸಂಪಾದಕ