ಪಕ್ಕದ ಮನೆಯ ಕ್ವೇಕರ್ ಅಜ್ಜಿ ಈಸ್ಟರ್‌ಗೆ ಕರೆದಿದ್ದಾರೆ. ನಾವು ಹಿಂದೂಗಳು, ಸಸ್ಯಾಹಾರಿಗಳು. ಅವರಿಗೆ ಬೇಜಾರಾಗದ ಹಾಗೆ ಹೇಗೆ ತಪ್ಪಿಸಿಕೊಳ್ಳುವುದು?

ತಪ್ಪಿಸಿಕೊಳ್ಳಬೇಡಿ. ಹೋಗಿ.

ಇಂಡಿಯಾನಾದ ಸಣ್ಣ ಊರು, ಐದು ವರ್ಷದ ಮಗು ಎಂದು ಬರೆದಿದ್ದೀರಿ. ನನ್ನ ಮಗಳಿಗೂ ಆಗ ಹೆಚ್ಚುಕಮ್ಮಿ ಅದೇ ವಯಸ್ಸು. ನಾವಿದ್ದದ್ದು ಅದೇ ರಾಜ್ಯದ ಪೂರ್ವದ ಅಂಚಿನಲ್ಲಿ, ರಿಚ್ಮಂಡ್ ಹತ್ತಿರದ ಒಂದು ಹಳ್ಳಿಯಲ್ಲಿ. ಸುತ್ತಲೂ ಮೆಕ್ಕೆಜೋಳದ ಹೊಲ, ಒಂದು ಪೆಟ್ರೋಲ್ ಬಂಕು, ಬಿಳಿ ಬಣ್ಣದ ಒಂದು ಫ್ರೆಂಡ್ಸ್ ಚರ್ಚು. ಕ್ವೇಕರರು ಅಂದರೆ ಕ್ರೈಸ್ತರಲ್ಲೇ ಒಂದು ಪಂಗಡ, ತಮ್ಮನ್ನು ಫ್ರೆಂಡ್ಸ್ ಎಂದೇ ಕರೆದುಕೊಳ್ಳುತ್ತಾರೆ. ಭಾನುವಾರ ಅಲ್ಲಿ ಸೇರುತ್ತಿದ್ದವರು ನಲವತ್ತು ಜನ ಇದ್ದರೆ ಹೆಚ್ಚು.

ಮಾರ್ಚ್ ಕೊನೆಯ ವಾರ ಇರಬೇಕು. ಹಿಮ ಕರಗಿ ಅಂಗಳವೆಲ್ಲ ಕೆಸರಾಗಿತ್ತು. ಪಕ್ಕದ ಮನೆಯ ಅಜ್ಜಿ ಡ್ರೈವ್‌ವೇ ದಾಟಿ ಬಂದರು. ಈಸ್ಟರ್ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಚರ್ಚಿನ ಹಿಂದಿನ ಬಯಲಲ್ಲಿ ಪ್ರಾರ್ಥನೆ ಇದೆ, ಆಮೇಲೆ ಎಲ್ಲರಿಗೂ ತಿಂಡಿ, ಮಕ್ಕಳಿಗೆ ಮೊಟ್ಟೆ ಹುಡುಕುವ ಆಟ, ನೀವು ಮೂರೂ ಜನ ಬನ್ನಿ ಅಂದರು. ನನಗೆ ಒಳಗೊಳಗೇ ಖುಷಿಯಾಯಿತು. ಆ ಚಳಿಗಾಲವೆಲ್ಲ ನಮ್ಮನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಆದರೆ ಬಾಯಿಂದ ಬಂದದ್ದು, "ಅಯ್ಯೋ ಬೇಡ ಬಿಡಿ, ನಿಮಗ್ಯಾಕೆ ಸುಮ್ನೆ ತೊಂದರೆ" ಅನ್ನೋ ಮಾತು. ಇಂಗ್ಲಿಷಿನಲ್ಲೇ ಹೇಳಿದೆ, ಆದರೆ ಹೇಳಿದ್ದು ಅದನ್ನೇ.

ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿದರು. "ಸರಿ" ಅಂದರು. ತೋಳು ಮುಟ್ಟಿ ನಕ್ಕು ಮನೆಗೆ ಹೋದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡಲು ಹೊರಟಿದ್ದೀರಿ. ನಾನು ತುಮಕೂರಿನವಳು. ನಮ್ಮ ಕಡೆ ಯಾರ ಮನೆಗೆ ಹೋದರೂ "ಕಾಫಿ ಬೇಡ, ಈಗ ತಾನೇ ಆಯ್ತು" ಅನ್ನುತ್ತೇವೆ. ಮನೆಯವರು ಅದನ್ನು ಕೇಳಿಸಿಕೊಳ್ಳುತ್ತಲೇ ಒಳಗೆ ಹಾಲು ಕಾಯಿಸಲು ಇಟ್ಟಿರುತ್ತಾರೆ. ಮೊದಲ ಸಲ ಬೇಡ ಅನ್ನೋದು ನಮ್ಮ ಮರ್ಯಾದೆ, ಮತ್ತೆ ಬಲವಂತ ಮಾಡೋದು ಅವರ ಮರ್ಯಾದೆ. ನಾನು ಎರಡನೇ ಕರೆಗೆ ಕಾದೆ. ಮಗಳಿಗೆ ಹಳದಿ ಫ್ರಾಕ್ ತಂದಿಟ್ಟೆ. ಶನಿವಾರ ಸಂಜೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಕೂಡ ತಂದೆ, ಬರಿಗೈಲಿ ಹೋಗಬಾರದು ಅಂತ. ಅಜ್ಜಿ ಇನ್ನೊಂದು ಸಲ ಬಂದು ಕೇಳುತ್ತಾರೆ, ಆಗ ಹೂಂ ಅಂದರಾಯಿತು ಅಂದುಕೊಂಡಿದ್ದೆ. ಅವರು ಬರಲಿಲ್ಲ. ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಅವರ ಕಾರು ಹೊರಟ ಸದ್ದು ಕೇಳಿಸಿತು.

ನನಗೆ ಸಿಟ್ಟೇ ಬಂತು. ಬಾಯಿ ಮಾತಿಗೆ ಕರೆದರು, ಮನಸ್ಸಿರಲಿಲ್ಲ ಅಂದುಕೊಂಡೆ. ಮುಂದಿನ ವಸಂತದಲ್ಲಿ ಅಜ್ಜಿ ಕರೆಯಲೇ ಇಲ್ಲ. ಅದರ ಮುಂದಿನ ಸಲವೂ ಇಲ್ಲ. ನಾವು ಎದುರು ಸಿಕ್ಕಾಗ ಹವಾಮಾನದ ಬಗ್ಗೆ ಮಾತಾಡಿಕೊಂಡು ಇದ್ದುಬಿಟ್ಟೆವು.

ನಿಜ ಗೊತ್ತಾದದ್ದು ಆಮೇಲೆ. ಕ್ವೇಕರರಿಗೆ ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ಇದು ಆ ಅಜ್ಜಿಯ ಸ್ವಭಾವ ಮಾತ್ರ ಅಲ್ಲ, ಅವರ ಧರ್ಮದ ಬೇರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕೋರ್ಟಿನಲ್ಲಿ ಬೈಬಲ್ ಮುಟ್ಟಿ ಪ್ರಮಾಣ ಮಾಡಲು ಇವರು ಒಪ್ಪಲಿಲ್ಲ. ಪ್ರಮಾಣ ಮಾಡಿದಾಗ ಮಾತ್ರ ಸತ್ಯ ಹೇಳುತ್ತೇನೆ ಅಂದರೆ, ಉಳಿದ ಹೊತ್ತಿನ ಮಾತಿಗೆ ಬೆಲೆ ಏನು ಅನ್ನೋದು ಅವರ ವಾದ. ಅದಕ್ಕಾಗಿಯೇ ಜೈಲಿಗೆ ಹೋದರು. 1662ರಲ್ಲಿ ಇವರನ್ನೇ ಗುರಿ ಮಾಡಿ ಅಲ್ಲೊಂದು ಕಾನೂನು ಬಂತು. ಅಂಗಡಿ ಇಟ್ಟ ಕ್ವೇಕರರು ಚೌಕಾಸಿ ಮಾಡದೆ ಎಲ್ಲರಿಗೂ ಒಂದೇ ರೇಟು ಹೇಳುತ್ತಿದ್ದರು, ಮೊದಲು ಜಾಸ್ತಿ ಹೇಳಿ ಆಮೇಲೆ ಇಳಿಸಿದರೆ ಮೊದಲ ಮಾತು ಸುಳ್ಳಾಯಿತಲ್ಲ ಅಂತ. ಅಂಥ ಮನೆತನದಲ್ಲಿ ಬೆಳೆದವರಿಗೆ, ಬೇಡ ಅಂದವರನ್ನು ಮತ್ತೆ ಕೇಳೋದು ಅಂದರೆ "ನೀನು ಮೊದಲು ಹೇಳಿದ್ದು ನಿಜವಲ್ಲ" ಅಂದ ಹಾಗೆ. ಅಜ್ಜಿ ನನ್ನ ಮಾತಿಗೆ ಬೆಲೆ ಕೊಟ್ಟರು. ಅಷ್ಟೇ ಅಲ್ಲ, ಚರ್ಚಿನಲ್ಲಿ ಉಳಿದವರಿಗೂ "ಆ ಕುಟುಂಬಕ್ಕೆ ತಮ್ಮ ಪಾಡಿಗೆ ಇರೋದು ಇಷ್ಟ, ತೊಂದರೆ ಕೊಡೋದು ಬೇಡ" ಎಂದು ಹೇಳಿದ್ದರಂತೆ. ಊರಿಗೆ ಊರೇ ನಮ್ಮನ್ನು ಗೌರವದಿಂದ ದೂರ ಇಟ್ಟಿತ್ತು. ಆ ಹೊತ್ತಿಗೆ ನನ್ನ ಮಗಳಿಗೆ ಮೊಟ್ಟೆ ಹುಡುಕುವ ವಯಸ್ಸು ದಾಟಿತ್ತು. ಆ ವಯಸ್ಸು ತಿರುಗಿ ಬರುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ "ಬೇಜಾರಾಗದ ಹಾಗೆ" ಅನ್ನೋ ಯೋಚನೆಯನ್ನು ಬಿಡಿ. ನಿಜವಾಗಿಯೂ ಹೋಗಲು ಮನಸ್ಸಿಲ್ಲದಿದ್ದರೆ ಇಲ್ಲ ಅನ್ನಿ, ಅವರಿಗೆ ಒಂಚೂರೂ ಬೇಜಾರಾಗುವುದಿಲ್ಲ. ಮನಸ್ಸಿದ್ದರೆ ಮೊದಲ ಸಲಕ್ಕೇ ಹೂಂ ಅನ್ನಿ. "ನೋಡೋಣ", "ಪ್ರಯತ್ನ ಮಾಡ್ತೀವಿ" ಇವೆರಡೂ ಬೇಡ.

ಕೆಲವು ವರ್ಷ ಕಳೆದ ಮೇಲೆ ಆ ಗಂಟು ಬಿಚ್ಚಿಕೊಂಡದ್ದು ಈಸ್ಟರ್ ದಿನ ಅಲ್ಲ, ಅದಕ್ಕೆ ಮೊದಲಿನ ಒಂದು ಶನಿವಾರ. ಅಜ್ಜಿ ಕುಂಟೆ, ಬಕೆಟ್ಟು, ಬ್ರಷ್ಷು ಎಲ್ಲ ಕಾರಿಗೆ ತುಂಬುತ್ತಿದ್ದರು. ಎಲ್ಲಿಗೆ ಅಂತ ಕೇಳಿದೆ. ಚರ್ಚು ಕ್ಲೀನ್ ಮಾಡುವ ದಿನ ಅಂದರು. "ನಾನೂ ಬರಲಾ?" ಅಂದೆ. "ಬಾ" ಅಂದರು. ಅಷ್ಟೇ.

ನನ್ನನ್ನು ಸ್ಮಶಾನದ ಕಡೆ ಹಾಕಿದರು. ಅಲ್ಲಿ ಹಳೆಯ ಕಲ್ಲುಗಳೆಲ್ಲ ಮೊಣಕಾಲುದ್ದ, ಒಂದು ಇನ್ನೊಂದಕ್ಕಿಂತ ದೊಡ್ಡದಿಲ್ಲ. ಸತ್ತ ಮೇಲೂ ಯಾರೂ ಮೇಲು ಕೀಳು ಆಗಬಾರದು ಅಂತ. ಬರೀ ನೀರು, ಮೆತ್ತನೆ ಬ್ರಷ್ಷು. ಬ್ಲೀಚ್ ಹಾಕಿದರೆ ಕಲ್ಲು ಪುಡಿಯಾಗುತ್ತದೆ, ತಂತಿ ಬ್ರಷ್ಷಿನಿಂದ ಅಕ್ಷರ ಅಳಿಸುತ್ತದೆ ಎಂದು ಅಜ್ಜಿ ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. ಕೆಳಗಿಂದ ಮೇಲಕ್ಕೆ ಉಜ್ಜಬೇಕು, ಇಲ್ಲದಿದ್ದರೆ ಕೊಳೆ ನೀರು ಇಳಿದು ಗೆರೆ ಉಳಿಯುತ್ತದೆ. ಹಸಿರು ಪಾಚಿ ಹೋದಮೇಲೆ ಒಂದು ಕಲ್ಲಿನಲ್ಲಿ ತಾರೀಖು ಕಂಡಿತು. ಏಪ್ರಿಲ್ ಅಂತ ಇರಲಿಲ್ಲ, 4ನೇ ತಿಂಗಳು ಅಂತ ಇತ್ತು. ತಿಂಗಳು, ವಾರಗಳ ಹೆಸರಿನಲ್ಲಿ ಹಳೆಯ ರೋಮನ್ ದೇವರುಗಳು, ಬೇರೆ ದೇವರುಗಳು ಇದ್ದಾರೆ ಅಂತ ಹಿಂದಿನ ಕ್ವೇಕರರು ಅಂಕಿ ಮಾತ್ರ ಬಳಸುತ್ತಿದ್ದರು. ಭಾನುವಾರ ಅವರಿಗೆ ಒಂದನೇ ದಿನ. ಅಲ್ಲಿ ಮಲಗಿರುವವರಲ್ಲಿ ಎಷ್ಟೋ ಜನ ಗುಲಾಮಗಿರಿ ಇದ್ದ ನೆಲದಲ್ಲಿ ಬದುಕಲಾರೆವು ಅಂತ ಉತ್ತರ ಕೆರೊಲಿನಾ ಬಿಟ್ಟು ಗಾಡಿ ಕಟ್ಟಿಕೊಂಡು ಬಂದವರು. ಅಲ್ಲಿಂದ ಹತ್ತಿರದ ಫೌಂಟನ್ ಸಿಟಿಯಲ್ಲಿ ಲೀವೈ ಕಾಫಿನ್ ದಂಪತಿಯ ಮನೆ ಇದೆ, ತಪ್ಪಿಸಿಕೊಂಡು ಬಂದ ಗುಲಾಮರಿಗೆ ಜಾಗ ಕೊಟ್ಟ ಮನೆ. ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ.

ಆ ಮಧ್ಯಾಹ್ನ ಪಿಚ್-ಇನ್ ಊಟ, ಅಂದರೆ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದು ಹಂಚಿ ತಿನ್ನುವುದು. ನಾನು ಏನೂ ತಂದಿರಲಿಲ್ಲ, ಯಾರೂ ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಗಂಡಸರು ಈ ಸಲ ಮೊರೆಲ್ ಅಣಬೆ ಯಾವಾಗ ಏಳಬಹುದು ಅಂತ ಮಾತಾಡುತ್ತಿದ್ದರು. ಕಾಡಿನಲ್ಲಿ ಅದು ಎಲ್ಲಿ ಸಿಗುತ್ತದೆ ಅನ್ನೋ ಜಾಗವನ್ನು ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಸಂಜೆ ಹೊರಡುವಾಗ ನನ್ನ ಕೈಗೆ ಪ್ಲಾಸ್ಟಿಕ್ ಮೊಟ್ಟೆಗಳ ಚೀಲ ಕೊಟ್ಟು, ಮುಂದಿನ ವಾರದೊಳಗೆ ಚಾಕ್ಲೆಟ್ ತುಂಬಿ ತರಬೇಕು ಅಂದರು. ಕೆಲಸ ಒಪ್ಪಿಸಿದರು ಅಂದರೆ ಒಳಗೆ ಸೇರಿಸಿಕೊಂಡರು ಅಂತ ನನಗೆ ಆಗ ಅರ್ಥವಾಯಿತು.

ಅದಕ್ಕೇ ನನ್ನ ಸಲಹೆ ಇದು. ಈಸ್ಟರ್ ದಿನಕ್ಕೆ ಕಾಯಬೇಡಿ. ಅವತ್ತು ಹೋದರೆ ನೀವು ಅತಿಥಿ. ಕ್ಲೀನ್ ಮಾಡುವ ಶನಿವಾರ ಯಾವಾಗ ಅಂತ ಅಜ್ಜಿಯನ್ನು ಕೇಳಿ, ಹಳೆ ಬಟ್ಟೆ ಹಾಕಿಕೊಂಡು ಹೋಗಿ.

ಕ್ವೇಕರರು ಈಸ್ಟರ್ ಮಾಡಲ್ಲ ಅಂತ ಎಲ್ಲೋ ಓದಿದೆ ಅಂದಿದ್ದೀರಿ. ಅದೂ ನಿಜವೇ. 1650ರ ಸುಮಾರಿಗೆ ಜಾರ್ಜ್ ಫಾಕ್ಸ್ ಇದನ್ನು ಶುರು ಮಾಡಿದಾಗ ಪಾದ್ರಿ ಬೇಡ, ಹಬ್ಬವೂ ಬೇಡ, ದೇವರಿಗೆ ಎಲ್ಲ ದಿನವೂ ಒಂದೇ ಅಂದರು. ಇಂಗ್ಲೆಂಡಿನಲ್ಲಿ, ಫಿಲಡೆಲ್ಫಿಯಾ ಕಡೆ ಇವತ್ತಿಗೂ ಎಷ್ಟೋ ಕಡೆ ಈಸ್ಟರ್ ದಿನ ಒಂದು ಗಂಟೆ ಮೌನವಾಗಿ ಕೂತು ಎದ್ದು ಹೋಗುತ್ತಾರೆ. ಆದರೆ ಇಂಡಿಯಾನಾ, ಅಯೋವಾ ಕಡೆ 1860, 70ರ ದಶಕಗಳಲ್ಲಿ ಭಕ್ತಿಯ ದೊಡ್ಡ ಅಲೆ ಎದ್ದಿತು. ಹಾಡು ಬಂತು, ಪಾಸ್ಟರ್ ಬಂದರು, ನಿಧಾನಕ್ಕೆ ಹಬ್ಬಗಳೂ ಬಂದವು. ನಿಮ್ಮ ಅಜ್ಜಿಯ ಚರ್ಚು ಈ ಎರಡನೇ ಬಗೆಯದು.

ಇನ್ನು ನಿಮ್ಮ ದೊಡ್ಡ ಭಯ, ಮತಾಂತರ. ನಮ್ಮನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ನಿಮಗೆ ಇನ್ನೊಂದು ಅನುಕೂಲ ಇದೆ. ಬೇರೆ ಚರ್ಚುಗಳಲ್ಲಿ ಈಸ್ಟರ್ ದಿನ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ, ತಗೋಬೇಕಾ ಬಿಡಬೇಕಾ ಅನ್ನೋ ಸಂಕಟ ಬರುತ್ತದೆ. ಕ್ವೇಕರರಲ್ಲಿ ಸಾಮಾನ್ಯವಾಗಿ ಅದು ಇಲ್ಲವೇ ಇಲ್ಲ. ನೀರಿನ ದೀಕ್ಷಾಸ್ನಾನವೂ ಇಲ್ಲ. ಸುಮ್ಮನೆ ಕೂತಿದ್ದರೆ ಸಾಕು. 1947ರ ಆಗಸ್ಟ್‌ನಲ್ಲಿ ಗಾಂಧೀಜಿ ಕಲ್ಕತ್ತದಲ್ಲಿ ಗಲಭೆ ತಣ್ಣಗಾಗಿಸಲು ಕೂತಿದ್ದಾಗ ಅವರ ಜೊತೆ ಇದ್ದ ಹೊರೇಸ್ ಅಲೆಕ್ಸಾಂಡರ್ ಕೂಡ ಕ್ವೇಕರ್. ನಿಮ್ಮ ಮನೆಯಲ್ಲಿ ಹಿರಿಯರು ತಕರಾರು ಮಾಡಿದರೆ ಈ ವಿಷಯ ಹೇಳಿ. ನಾನು ನಮ್ಮಮ್ಮನಿಗೆ ಇದನ್ನೇ ಹೇಳಿದ್ದು.

ಪ್ರಾರ್ಥನೆಯ ನಡುವೆ ಕೆಲವು ನಿಮಿಷ ಯಾರೂ ಮಾತಾಡುವುದಿಲ್ಲ. ಏನೋ ಮರೆತಿದ್ದಾರೆ ಅಂದುಕೊಂಡು ಅತ್ತಿತ್ತ ನೋಡಬೇಡಿ, ಅದೇ ಅವರ ಪೂಜೆಯ ಮುಖ್ಯ ಭಾಗ. ಯಾರಿಗಾದರೂ ಒಳಗಿಂದ ಮಾತು ಬಂದರೆ ಎದ್ದು ಹೇಳುತ್ತಾರೆ. ಐದು ವರ್ಷದ ಮಗುವಿಗೆ ಇದು ಕಷ್ಟ. ಬಣ್ಣ ತುಂಬುವ ಪುಸ್ತಕ, ಕ್ರೆಯಾನ್ ಇಟ್ಟುಕೊಳ್ಳಿ. ಮಕ್ಕಳಿಗೆ ಅವತ್ತು ಒಂದು ಡಜನ್ ಮೊಟ್ಟೆಗಳ ಪಾಠ ಇರಬಹುದು. ಒಂದೊಂದನ್ನೇ ತೆಗೆದರೆ ಯೇಸುವಿನ ಕಥೆಯ ಒಂದೊಂದು ಸಾಮಾನು ಸಿಗುತ್ತದೆ, ಕೊನೆಯ ಮೊಟ್ಟೆ ಖಾಲಿ, ಯಾಕೆಂದರೆ ಸಮಾಧಿ ಖಾಲಿಯಾಗಿತ್ತು. ನನ್ನ ಮಗಳು ದೊಡ್ಡ ಮಕ್ಕಳ ಜೊತೆ ಹಿಂದೆ ನಿಂತು ಅದನ್ನು ಕೇಳಿದಳು. ಆಟದಲ್ಲಿ ಅವಳಿಗೆ ಸಿಕ್ಕಿದ್ದು ಮೊಟ್ಟೆ ಬಚ್ಚಿಡುವ ಕೆಲಸ. ಅದನ್ನೂ ಸಂತೋಷದಿಂದಲೇ ಮಾಡಿದಳು, ಆದರೂ ಬುಟ್ಟಿ ಹಿಡಿದು ಓಡುವ ಚಿಕ್ಕವರನ್ನು ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಊಟದ ಬಗ್ಗೆ ಕೇಳಿದ್ದೀರಿ. ಪ್ಯಾನ್‌ಕೇಕು ಇರುತ್ತದೆ, ಫೆಬ್ರವರಿ ಮಾರ್ಚಿನಲ್ಲಿ ಇಳಿಸಿದ ಹೊಸ ಮೇಪಲ್ ಪಾಕ ಇರುತ್ತದೆ. ಮೊಟ್ಟೆ ತಿನ್ನದಿದ್ದರೆ ಪ್ಯಾನ್‌ಕೇಕೂ ಬೇಡ, ಹಣ್ಣು ತಿನ್ನಿ. ಬಿಸ್ಕೆಟ್ ಅಂದರೆ ಅಲ್ಲಿ ಮೆತ್ತನೆ ಬನ್ನಿನಂಥದ್ದು, ಅದರ ಮೇಲೆ ಸುರಿಯುವ ಬಿಳಿ ಗ್ರೇವಿಯಲ್ಲಿ ಸಾಸೇಜ್ ಮಾಂಸ ಇದೆ. ಹುರುಳಿಕಾಯಿ ಪಲ್ಯ ಅಂತ ನಂಬಿ ಹಾಕಿಸಿಕೊಳ್ಳಬೇಡಿ, ಆ ಕಡೆ ಅದನ್ನು ಹೆಚ್ಚಾಗಿ ಹಂದಿ ಮಾಂಸದ ಜೊತೆ ಬೇಯಿಸುತ್ತಾರೆ. ಮಾರ್ಷ್‌ಮೆಲೋ, ಜೆಲ್ಲಿ ಸಲಾಡ್‌ಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ, ಮಗುವಿನ ಬುಟ್ಟಿಯನ್ನು ಒಮ್ಮೆ ನೋಡಿ. ಯಾವುದರಲ್ಲಿ ಏನಿದೆ ಅಂತ ನೇರವಾಗಿ ಕೇಳಿ, ನೇರವಾಗಿ ಹೇಳುತ್ತಾರೆ. ನೀವು ಹೆಸರುಬೇಳೆ ಕೋಸಂಬರಿ ಮಾಡಿಕೊಂಡು ಹೋಗಿ. ರಾಮನವಮಿಯೂ ಅದೇ ಆಸುಪಾಸಿನಲ್ಲಿ ಬರುವುದರಿಂದ ಮನೆಯಲ್ಲಿ ಹೇಗೂ ಬೇಳೆ ನೆನೆಸಿರುತ್ತೀರಿ, ಅಲ್ವಾ. ಬಿಸಿ ಮಾಡಬೇಕಾಗಿಲ್ಲ, ಅವರಿಗೆ ಸಲಾಡ್ ಅಂದರೆ ಅರ್ಥವಾಗುತ್ತದೆ. ಹಸಿಮೆಣಸಿನಕಾಯಿ ಬಿಡಿ, ನಿಂಬೆಹಣ್ಣು ಚೆನ್ನಾಗಿ ಹಿಂಡಿ. ನಾನು ತಗೊಂಡು ಹೋದ ಪಾತ್ರೆ ತಳ ಕಂಡಿತ್ತು.

ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಎಂಬತ್ತು ದಾಟಿದವರನ್ನೂ, ಪಾಸ್ಟರನ್ನೂ. ಬಿರುದು, ಪದವಿ ಹಿಡಿದು ಒಬ್ಬರನ್ನು ಎತ್ತರಕ್ಕೆ ಇಡಬಾರದು ಅನ್ನೋದು ಅವರ ಹಳೆಯ ನಿಯಮ. ನನಗೆ ಅಷ್ಟು ವಯಸ್ಸಾದವರ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಕೊನೆಗೆ "ಅಜ್ಜಿ" ಅಂತಲೇ ಕರೆದೆ, ಅರ್ಥ ಕೇಳಿ ಒಪ್ಪಿಕೊಂಡರು.

ಸೂರ್ಯೋದಯದ ಪ್ರಾರ್ಥನೆಗೆ ಚಳಿಗಾಲದ ಜಾಕೆಟ್ಟೇ ಬೇಕು, ಏಪ್ರಿಲ್ ಅಂತ ಮೋಸ ಹೋಗಬೇಡಿ. ಹುಲ್ಲು ಒದ್ದೆ ಇರುತ್ತದೆ, ಮಗುವಿಗೆ ಮಳೆಗಾಲದ ಬೂಟು ಹಾಕಿ. ಚರ್ಚಿನ ಮುಂಭಾಗದಲ್ಲಿ ಬಿಳಿ ಲಿಲ್ಲಿ ಹೂವಿನ ಕುಂಡಗಳ ಸಾಲು ಇರುತ್ತದೆ. ತೀರಿಕೊಂಡವರ ನೆನಪಿಗೆ ಮನೆಯವರು ಇಡುವುದು. ಪ್ರಾರ್ಥನೆ ಮುಗಿದಮೇಲೆ ಒಂದು ನಿಮ್ಮ ಕೈಗೂ ಕೊಡಬಹುದು, ತಗೊಳ್ಳಿ. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಬೇಡ ಅನ್ನಿ, ಆ ಹೂವು, ಎಲೆ, ಪರಾಗ ಕೂಡ ಬೆಕ್ಕಿಗೆ ವಿಷ. ಕಾರಣ ಹೇಳಿದರೆ ಅವರೇ ಅದನ್ನು ಚರ್ಚಿನ ಅಂಗಳದಲ್ಲಿ ನೆಡುತ್ತಾರೆ.